ಸೈಕಲ್ ಸಂದೇಹ: ಕಡ್ಡಿ ಮುರಿಯುವುದು ಬಿಗಿಗೋ, ಸಡಿಲಕ್ಕೋ?

ಪ್ರಶ್ನೆ: ಸರ್, ನಾನು ತುಮಕೂರಿನವನು. ತೂಕ 88 ಕೆಜಿ. ಆರು ವರ್ಷದ ಹಳೆಯ ರೋಡ್ ಬೈಕ್ ಇದೆ. ರಿಮ್ ಬ್ರೇಕು, ಹಿಂದೆ 9 ಗೇರು, ಹಿಂದಿನ ಚಕ್ರಕ್ಕೆ 24 ಕಡ್ಡಿ. ಆಫೀಸಿಗೆ ಹೋಗಿ ಬರಲು ದಿನಾ 22 ಕಿ.ಮೀ., ಭಾನುವಾರ ದೇವರಾಯನದುರ್ಗ. ಮೂರು ತಿಂಗಳಲ್ಲಿ ನಾಲ್ಕು ಕಡ್ಡಿ ಹೋದವು. ಎಲ್ಲಾ ಚೈನ್ ಕಡೆಯವೇ, ಹಬ್ (ಚಕ್ರದ ನಡುಭಾಗ) ಹತ್ತಿರವೇ. ಅಂಗಡಿಯವರು "ನಿಮ್ಮ ತೂಕಕ್ಕೆ ಜಾಸ್ತಿ ಬಿಗಿ ಮಾಡಿದರೆ ಮುರಿಯುತ್ತದೆ" ಎಂದು ಪ್ರತಿ ಸಲ ಸ್ವಲ್ಪ ಸಡಿಲ ಬಿಡುತ್ತಾರೆ. ಹೊಸ ಚಕ್ರ ತಗೊಳ್ಳೋಣ ಅಂತಿದ್ದೇನೆ. ಅಕ್ಕನ ಮಗ 20 ಕಡ್ಡಿಯ, ಎತ್ತರದ ರಿಮ್ಮಿನ ಚಕ್ರ ತೋರಿಸಿದ. ನೋಡಲು ಚೆನ್ನಾಗಿದೆ. ಬಾಳಿಕೆ ಬರುತ್ತದಾ?

ಉತ್ತರ: ಅಕ್ಕನ ಮಗನಿಗೆ ಎಷ್ಟು ತೂಕ? ಐವತ್ತೈದು ಇದ್ದರೆ ಅವನೇ ಹಾಕಿಕೊಳ್ಳಲಿ. ನಿಮಗೆ ಬೇಡ.

ಮೊದಲು ಅಂಗಡಿಯವರ ಮಾತು. ಅದು ತಲೆಕೆಳಗಾಗಿದೆ. ಬೈಂಡಿಂಗ್ ವೈರ್ ತುಂಡು ಮಾಡಬೇಕು, ಇಕ್ಕಳ ಇಲ್ಲ. ಏನು ಮಾಡುತ್ತೀರಿ? ಹಿಂದೆ ಮುಂದೆ, ಹಿಂದೆ ಮುಂದೆ ಬಗ್ಗಿಸುತ್ತೀರಿ ಅಲ್ವಾ? ನಿಮ್ಮ ಕಡ್ಡಿಗೂ ಅದೇ ಆಗುತ್ತಿದೆ. ಚಕ್ರ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿಗಳ ಎಳೆತ ಒಂದು ಕ್ಷಣ ಕಮ್ಮಿಯಾಗಿ, ಮತ್ತೆ ವಾಪಸ್ ಬರುತ್ತದೆ. ಪ್ರತಿ ಸುತ್ತಿಗೂ ಒಂದು ಸಲ. 28 ಮಿ.ಮೀ. ಅಗಲದ ಟೈರು ಒಂದು ಸುತ್ತಿಗೆ ಸುಮಾರು 2.14 ಮೀಟರ್ ಹೋಗುತ್ತದೆ. ಅಂದರೆ ನಿಮ್ಮ 22 ಕಿ.ಮೀ.ಗೆ ದಿನಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಸುತ್ತು. ಕಡ್ಡಿ ಬಿಗಿಯಾಗಿದ್ದರೆ ಅದರ ಬಾಗಿದ ತುದಿ ಹಬ್ಬಿನ ತೂತಿಗೆ ಕಚ್ಚಿಕೊಂಡು ಕೂತಿರುತ್ತದೆ. ಸಡಿಲ ಬಿಟ್ಟರೆ ಅಲ್ಲೇ ಅಲುಗುತ್ತದೆ, ದಣಿಯುತ್ತದೆ, ಒಂದು ದಿನ ಟಣ್ ಅನ್ನುತ್ತದೆ.

ಚೈನ್ ಕಡೆಯದೇ ಯಾಕೆ? ಆ ಕಡೆ ಗೇರುಗಳಿಗೆ ಜಾಗ ಬಿಡಬೇಕು. ಹಾಗಾಗಿ ಕಡ್ಡಿಗಳು ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲುತ್ತವೆ. ರಿಮ್ಮನ್ನು ನಡುವಿನಲ್ಲಿ ಇಡಲು ಅವು ಎಡಗಡೆಯವಕ್ಕಿಂತ ತುಂಬಾ ಜಾಸ್ತಿ ಎಳೆಯಬೇಕು. ಪೆಡಲ್ ತುಳಿದ ಜೋರೂ ಅಲ್ಲೇ ಬೀಳುತ್ತದೆ. ಒಂದು ಕೆಲಸ ಮಾಡಿ. ಟಾರ್ಚ್ ಹಾಕಿ ದೊಡ್ಡ ಗೇರಿನ ಹಿಂದೆ ನೋಡಿ. ಕಡ್ಡಿಗಳ ಮೇಲೆ ಗೀರು, ಕಚ್ಚು ಇದೆಯಾ? ಇದ್ದರೆ ಯಾವತ್ತೋ ಚೈನು ಒಳಗೆ ಬಿದ್ದಿದೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಇದೆಯಲ್ಲ, ಅದು ಎಲ್ಲಿಯವರೆಗೆ ಸರಿಯಬೇಕು ಅಂತ ತಡೆಯುವ ಲಿಮಿಟ್ ಸ್ಕ್ರೂ ಸರಿ ಮಾಡಿಸದೆ ಹೊಸ ಚಕ್ರ ಹಾಕಿದರೆ ಅದನ್ನೂ ತಿನ್ನುತ್ತದೆ.

ಈಗಿನ ಚಕ್ರ ಉಳಿಸಲು ಹೋಗಬೇಡಿ. ಉಳಿದ ಇಪ್ಪತ್ತು ಕಡ್ಡಿಗಳೂ ಅಷ್ಟೇ ಸುತ್ತು ಸುತ್ತಿದವು, ಸರದಿಯಲ್ಲಿ ನಿಂತಿವೆ. ರಿಮ್ಮಿಗೂ ಆರು ವರ್ಷ. ಬ್ರೇಕ್ ಹಿಡಿಯುವ ಜಾಗಕ್ಕೆ ಸ್ಟೀಲ್ ಸ್ಕೇಲ್ ಒತ್ತಿ ನೋಡಿ, ಒಳಗೆ ಗುಳಿ ಬಿದ್ದಿದ್ದರೆ ಅದರ ಆಯಸ್ಸೂ ಮುಗಿಯುತ್ತಾ ಬಂದಿದೆ.

ಹೊಸದಕ್ಕೆ ನನ್ನ ಆಯ್ಕೆ: 36 ಕಡ್ಡಿ. ಸಿಗದಿದ್ದರೆ 32. ಅದಕ್ಕಿಂತ ಕಮ್ಮಿ ಬೇಡ. ಅಲ್ಯೂಮಿನಿಯಂ ರಿಮ್ಮು, ಮೂರು ಕ್ರಾಸ್ ಹೆಣಿಗೆ (ಒಂದೊಂದು ಕಡ್ಡಿಯೂ ಬೇರೆ ಮೂರನ್ನು ದಾಟಿ ಹೋಗಬೇಕು), ಹಿತ್ತಾಳೆ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಸುವ ಪುಟ್ಟ ನಟ್ಟು). ಅಲ್ಯೂಮಿನಿಯಂ ನಿಪ್ಪಲ್ ಹಗುರ, ಆದರೆ ನಾಲ್ಕು ಮಳೆಗಾಲ ಕಂಡ ಮೇಲೆ ಕೀ ಹಾಕಿದರೆ ಮೂಲೆ ಸವೆದು ಸುಮ್ನೆ ತಿರುಗುತ್ತದೆ. ಕಡ್ಡಿ ಸ್ಟೇನ್‌ಲೆಸ್, ಡಬಲ್ ಬಟೆಡ್ ಕೇಳಿ. ಅಂದರೆ ಎರಡು ತುದಿ 2 ಮಿ.ಮೀ. ದಪ್ಪ, ನಡು 1.8. ನಡು ಸಣ್ಣ ಇದ್ದರೆ ಬೇಗ ಮುರಿಯಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಆ ಸಣ್ಣ ನಡು ಸ್ವಲ್ಪ ಹಿಗ್ಗಿ ಕುಗ್ಗುತ್ತದೆ, ಅದರಿಂದ ಬಾಗಿದ ತುದಿ ಬಚಾವ್.

ತೂಕದ ಚಿಂತೆಯಾ? 24ರ ಬದಲು 32 ಹಾಕಿದರೆ ಹೆಚ್ಚಾಗುವುದು 60 ಗ್ರಾಂ ಆಸುಪಾಸು. ನಿಮ್ಮ ಪಕ್ಕದ ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ ಅದಕ್ಕಿಂತ ಜಾಸ್ತಿ ತೂಗುತ್ತದೆ.

20 ಕಡ್ಡಿಯ ಚಕ್ರ ನಾನೂ ಹಾಕಿಸಿದ್ದೆ. ಚೆನ್ನಾಗಿ ಕಾಣುತ್ತದೆ ಅಂತಲೇ. ಸಕಲೇಶಪುರದಿಂದ ಹಾಸನಕ್ಕೆ ಬರುವಾಗ ಒಂದೇ ಒಂದು ಕಡ್ಡಿ ಹೋಯಿತು. ಚಕ್ರ ಎಷ್ಟು ಬೆಂಡಾಯಿತು ಅಂದರೆ ಬ್ರೇಕ್ ಪೂರ್ತಿ ಬಿಚ್ಚಿದರೂ ಟೈರು ಫ್ರೇಮಿಗೆ ಉಜ್ಜುತ್ತಿತ್ತು. ಕೊನೆಗೆ ಎಲೆಕೋಸು ತುಂಬಿದ ಟೆಂಪೋದಲ್ಲಿ ಊರು ಸೇರಿದೆ. ಈಗ 36ರ ಚಕ್ರ. ಅದರಲ್ಲೂ ಒಮ್ಮೆ ಒಂದು ಕಡ್ಡಿ ಹೋಯಿತು. ಮುರಿದ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿ ನಿಧಾನಕ್ಕೆ ಮನೆಗೆ ಬಂದೆ.

ಕೊಳ್ಳುವ ಮುಂಚೆ ಫ್ರೇಮಿನಲ್ಲಿ ಹಬ್ ಕೂರುವ ಜಾಗ ಅಳೆಯಿರಿ. ನಿಮ್ಮಂಥ ರಿಮ್ ಬ್ರೇಕ್ ಸೈಕಲ್ಲಿಗೆ ಸಾಮಾನ್ಯವಾಗಿ 130 ಮಿ.ಮೀ. ಇರುತ್ತದೆ. ಡಿಸ್ಕ್ ಬ್ರೇಕಿನವರ ಅಳತೆ ಬೇರೆ, ಅವರ ಚಕ್ರ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಗೇರು ಶಿಮಾನೋದ್ದಾಗಿದ್ದರೆ ಅವರದೇ 11 ಸ್ಪೀಡ್ ಹಬ್ಬಿಗೂ ನಿಮ್ಮ 9ರ ಕ್ಯಾಸೆಟ್ (ಹಿಂದಿನ ಗೇರು ಹಲ್ಲುಚಕ್ರಗಳ ಗೊಂಚಲು) ಕೂರುತ್ತದೆ. ಹಿಂದೆ 1.85 ಮಿ.ಮೀ. ದಪ್ಪದ ಸ್ಪೇಸರ್ ಬಳೆ ಒಂದು ಹಾಕಬೇಕು ಅಷ್ಟೇ. ತಿರುಪಿ ಕೂರಿಸುವ ಹಳೇ ಕಾಲದ ಫ್ರೀವೀಲ್ ಹಬ್ ಮಾತ್ರ ಬೇಡ. ಬಲಗಡೆ ಬೇರಿಂಗು ಒಳಗೆ ಉಳಿದು ಆಕ್ಸಲ್ಲಿಗೆ ಆಸರೆ ಕಮ್ಮಿಯಾಗುತ್ತದೆ. 88 ಕೆಜಿಗೆ ಬಗ್ಗುತ್ತದೆ.

ಇಷ್ಟೆಲ್ಲಾ ಒಳ್ಳೆಯ ಸಾಮಾನು ತಂದರೂ ಕಟ್ಟುವ ಕೈ ಸರಿ ಇರಬೇಕು. ಕಟ್ಟುವವರನ್ನು ಒಂದೇ ಪ್ರಶ್ನೆ ಕೇಳಿ: "ಎಳೆತ ಅಳೆಯುವ ಮೀಟರ್ ಇದೆಯಾ?" ಚೈನ್ ಕಡೆ 110ರಿಂದ 120 ಕಿಲೋ ಬರಬೇಕು, ರಿಮ್ ಕಂಪನಿ ಹೇಳಿದ ಮಿತಿಯೊಳಗೆ. ಎಡಗಡೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಬೆಂಡು ತೆಗೆದ ಮೇಲೆ ಒಂದೇ ಕಡೆಯ ಎರಡೆರಡು ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಜೋರಾಗಿ ಹಿಸುಕುತ್ತಾ ಇಡೀ ಚಕ್ರ ಸುತ್ತಬೇಕು. ಕಿರ್ ಕಿರ್ ಅಂತ ಸದ್ದು ಬರುತ್ತದೆ, ಕಡ್ಡಿ ತನ್ನ ಜಾಗ ಹುಡುಕಿಕೊಳ್ಳುವ ಸದ್ದು. ಆಮೇಲೆ ಇನ್ನೊಮ್ಮೆ ಬೆಂಡು ನೋಡಬೇಕು. ನನ್ನ ಬಲಗೈಯಲ್ಲಿ ಇದರಿಂದಲೇ ಬಂದ ಎರಡು ಜಡ್ಡುಗಳಿವೆ.

ರೆಡಿಮೇಡ್ ಚಕ್ರ ಕೊಂಡರೂ ಈ ಹಿಸುಕುವ ಕೆಲಸ ಮಾಡಿಸಿಯೇ ಹಾಕಿ. ಇನ್ನೂರು ಮುನ್ನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ತೋರಿಸಿ. ಮನೆಯಲ್ಲಿ ನೀವೇ ಕಡ್ಡಿಗಳನ್ನು ಬೆರಳಲ್ಲಿ ಮೀಟಿ ನೋಡಬಹುದು. ಬಲಗಡೆಯವೆಲ್ಲ ಹೆಚ್ಚುಕಮ್ಮಿ ಒಂದೇ ಸ್ವರ ಕೊಡಬೇಕು. ಒಂದು ಡಬ್ ಅಂದರೆ ಅದು ಸಡಿಲ.

ಪ್ರಶ್ನೆ: ನನ್ನ ತೂಕ 54 ಕೆಜಿ. ಬ್ಯಾಗು ಹೊರುವುದಿಲ್ಲ, ವಾರಕ್ಕೆರಡು ದಿನ ಮಾತ್ರ ಓಡಿಸುತ್ತೇನೆ. ನನಗೂ 36 ಬೇಕಾ? – ಓದುಗರೊಬ್ಬರು, ಧಾರವಾಡ

ಉತ್ತರ: ಬೇಡಮ್ಮ. ಈಗ ಇರುವುದು 24 ಆದರೂ ನಡೆಯುತ್ತದೆ. ಹೊಸದು ಕೊಳ್ಳುವುದಾದರೆ 28 ನೋಡಿ. ಆದರೆ ನಿಮ್ಮ ಚಕ್ರಕ್ಕೆ ಹೊಂದುವ ಎರಡು ಬಿಡಿ ಕಡ್ಡಿ ಇವತ್ತೇ ತಂದಿಡಿ. ಚೈನ್ ಕಡೆಗೊಂದು, ಎಡಗಡೆಗೊಂದು. ಎರಡರ ಉದ್ದ ಬೇರೆ ಇರುತ್ತದೆ. ಸೀಟ್ ಕೆಳಗಿನ ಟ್ಯೂಬಿಗೆ ಟೇಪ್ ಸುತ್ತಿ ಅಂಟಿಸಿಟ್ಟರೆ ಬೇಕಾದಾಗ ಊರೆಲ್ಲಾ ಹುಡುಕುವುದು ತಪ್ಪುತ್ತದೆ.