ಮುಂಬೈಯಲ್ಲಿ ಮಕ್ಕಳಿಗಾಗಿ ಕನ್ನಡದಲ್ಲಿ ಬರೆದರೆ ಓದುವವರು ಯಾರು?

ನೀವು ಕೇಳಿದ್ದು ಇಷ್ಟು: "ನಾನು ಮುಂಬೈ ಪಕ್ಕದ ಠಾಣೆ ಊರಿನಲ್ಲಿದ್ದೇನೆ. ಮಕ್ಕಳಿಗೆ ಕನ್ನಡದಲ್ಲಿ ಪುಸ್ತಕ ಬರೆಯುವ ಆಸೆ. ಆದರೆ ಇಲ್ಲಿಯ ನಮ್ಮ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಓದಲು ಬರುವುದಿಲ್ಲ. ಹಾಗಿರುವಾಗ ಬರೆದು ಏನು ಉಪಯೋಗ? ಬರೆಯುವುದಾದರೆ ಹೇಗೆ ಶುರು ಮಾಡಲಿ? ದುಡ್ಡೇನಾದರೂ ಬರುತ್ತದಾ?"

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬರುವುದಿಲ್ಲ, ಹೋಗುತ್ತದೆ. ಉಳಿದದ್ದಕ್ಕೆ ಸ್ವಲ್ಪ ಪುರುಸೊತ್ತು ಬೇಕು.

ನಾನು ಮುಂಬೈ ಹತ್ತಿರದ ಡೊಂಬಿವಲಿಯವಳು. ಊರು ಕುಂದಾಪುರದ ಹತ್ತಿರ. ಮದುವೆಯಾಗಿ ಬಂದು 32 ವರ್ಷ ಆಯ್ತು. ಮುಂಬೈಯ ಫೋರ್ಟ್ ಭಾಗದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದೆ. ಮಕ್ಕಳ ಪುಸ್ತಕ ಅಂತ ಮೂರು ಬರೆದಿದ್ದೇನೆ, ದೊಡ್ಡ ಲೇಖಕಿ ಏನಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ ಒಂದು ಗಂಟೆ ಮಕ್ಕಳಿಗೆ ಕಥೆ ಓದುತ್ತೇನೆ. ಹತ್ತೋ ಹನ್ನೆರಡೋ ಮಕ್ಕಳು ಬರುತ್ತಾರೆ. ಕ್ರಿಕೆಟ್ ಮ್ಯಾಚ್ ಇದ್ದರೆ ನಾಲ್ಕು.

ಇದನ್ನೆಲ್ಲ ಶುರು ಮಾಡಿದ್ದು ಕನ್ನಡದ ಸೇವೆಗೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಶುರುವಾದದ್ದು ಒಂದು ಫೋನಿನಿಂದ. ನನ್ನ ಮಗಳು ಕೆಲಸ ಬಿಟ್ಟ ಹೊಸದರಲ್ಲಿ ಊರಿಂದ ನನ್ನ ಅಮ್ಮ ಫೋನ್ ಮಾಡಿದ್ದರು. "ಯಾಕೆ ಮಗಾ ಕೆಲಸ ಬಿಟ್ಟೆ?" ಅಂತ ಕೇಳಿದರು. ಮಗಳು "ಬೇಜಾರಾಯ್ತು ಅಜ್ಜಿ" ಅಂದಳು. ಆಮೇಲೆ ಸುಮ್ಮನಾದಳು. ಮತ್ತೆ "ಅಂದ್ರೆ... ಅಲ್ಲಿ..." ಅಂದಳು. ಕೊನೆಗೆ ಹಿಂದಿಗೆ ಹೊರಳಿದಳು. ಅಮ್ಮನಿಗೆ ಹಿಂದಿ ಬರುವುದಿಲ್ಲ. "ಆಯ್ತು ಮಗಾ, ಊಟ ಮಾಡು" ಅಂತ ಫೋನ್ ಇಟ್ಟರು.

ನನ್ನ ಮಗಳಿಗೆ ಕನ್ನಡ ಬರುವುದಿಲ್ಲ ಅಂತಲ್ಲ. ಮನೆಯಲ್ಲಿ ನಾವು ಕನ್ನಡವನ್ನೇ ಆಡುತ್ತಿದ್ದೆವು. ಅದರಲ್ಲಿ ನಾನು ಬಹಳ ಸ್ಟ್ರಿಕ್ಟ್. ಆದರೆ ಎಂಥ ಕನ್ನಡ? ಏಳು. ಹಲ್ಲುಜ್ಜು. ಬೇಗ ತಿನ್ನು. ಡಬ್ಬಿ ತಗೊಂಡ್ಯಾ? ಬ್ಯಾಗ್ ಅಲ್ಲಿಡು. ಟಿವಿ ಆಫ್ ಮಾಡು. ಮಲಗು. ಬೆಳಿಗ್ಗೆ 7ರ ಲೋಕಲ್ ರೈಲು ಹಿಡಿದು ರಾತ್ರಿ 8ಕ್ಕೆ ಮನೆಗೆ ಬರುವ ತಾಯಿಯ ಬಾಯಲ್ಲಿ ಇನ್ನೇನು ಬರುತ್ತದೆ? ಊರಿನಲ್ಲಾದರೆ ಜಗಲಿಯ ಮಾತು, ಪಕ್ಕದ ಮನೆಯ ಜಗಳ, ಬಸ್ಸಿನ ಹರಟೆ, ಮೇಷ್ಟ್ರ ಬೈಗುಳ, ಎಲ್ಲವೂ ಕನ್ನಡದಲ್ಲೇ ಮಗುವಿನ ಕಿವಿಗೆ ಬೀಳುತ್ತವೆ. ಇಲ್ಲಿ ಹೊಸಿಲು ದಾಟಿದರೆ ಹಿಂದಿ, ಮರಾಠಿ. ಸ್ಕೂಲಿಗೆ ಹೋದರೆ ಇಂಗ್ಲಿಷ್. ಕನ್ನಡ ಅಂದರೆ ಆಜ್ಞೆಯ ಭಾಷೆ ಆಗಿಬಿಡುತ್ತದೆ. ನೀವೂ ಒಂದು ಸಂಜೆ ಮನೆಯಲ್ಲಿ ಕೂತು ಕೇಳಿಸಿಕೊಳ್ಳಿ, ಮಗುವಿಗೆ ಎಷ್ಟು ಮಾತು "ಮಾಡು", "ಬೇಡ"ದಲ್ಲಿ ಮುಗಿಯುತ್ತವೆ ಅಂತ.

ಕಥೆಪುಸ್ತಕದಲ್ಲಿ ಬೇರೆ ಮಾತುಗಳಿವೆ. "ಅಷ್ಟರಲ್ಲಿ", "ಆದರೂ", "ಒಂದು ವೇಳೆ", "ಬೇಕಂತಲೇ", "ಅವಳಿಗೆ ಗೊತ್ತಾಗದ ಹಾಗೆ", "ಹೇಳಬೇಕು ಅಂದುಕೊಂಡ, ಆದರೆ ಹೇಳಲಿಲ್ಲ". ಇವು ದೊಡ್ಡ ಶಬ್ದಗಳೇನಲ್ಲ. ಆದರೆ ಇವಿಲ್ಲದೆ ಒಂದು ಕೆಲಸ ಯಾಕೆ ಬಿಟ್ಟೆ ಅಂತ ಅಜ್ಜಿಗೆ ವಿವರಿಸಲು ಆಗುವುದಿಲ್ಲ. ಮಗಳಿಗೆ "ಕನ್ನಡ ಮಾತಾಡು, ಕನ್ನಡ ಮಾತಾಡು" ಅಂತ ಸಾವಿರ ಸಲ ಹೇಳಿದ್ದೇನೆ. ಒಂದೇ ಒಂದು ಕನ್ನಡ ಪುಸ್ತಕ ಅವಳಿಗೆ ಓದಿ ಹೇಳಿರಲಿಲ್ಲ. ಇದು ನನ್ನದೇ ತಪ್ಪು.

ಇನ್ನು "ನಮ್ಮ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ" ಅಂದಿರಲ್ಲ, ಅದಕ್ಕೆ ನನ್ನ ತಕರಾರು ಇದೆ. ಎಲ್ಲ ಅಂದರೆ ಯಾರು? ನಿಮ್ಮ ಸೊಸೈಟಿಯವರು, ನನ್ನ ಸಂಘದವರು. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇದೆ. ಪಾಲಿಕೆಯ ಒಂದು ಕನ್ನಡ ಶಾಲೆಗೆ ಕಥೆ ಓದಲು ಹೋಗಿದ್ದೆ. ಅಲ್ಲಿದ್ದವರು ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಅವರಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ಓದಲು ಪುಸ್ತಕ ಇಲ್ಲ, ಅಷ್ಟೇ. ಪಠ್ಯಪುಸ್ತಕ ಬಿಟ್ಟರೆ ಕನ್ನಡದಲ್ಲಿ ಅವರು ಓದುವುದು ಊರಿಂದ ತಂದ ಕ್ಯಾಲೆಂಡರ್. ಒಬ್ಬ ಹುಡುಗ ನಾನು ತಂದ ಪುಸ್ತಕವನ್ನು ಮೊದಲು ಮೂಸಿ ನೋಡಿದ, ಆಮೇಲೆ ಕೊನೆಯ ಪುಟದಿಂದ ಹಿಂದಕ್ಕೆ ಚಿತ್ರ ನೋಡುತ್ತಾ ಬಂದ. "ಇದು ಮನಿಗಿ ಒಯ್ಬೋದೇನ್ರಿ?" ಅಂದ. ಸಂಘದ ಮಕ್ಕಳಲ್ಲಿ ಒಬ್ಬರೂ ಇದನ್ನು ಕೇಳಿಲ್ಲ.

ಹಾಗಾಗಿ ನಿಮಗೆ ಎರಡು ತರಹದ ಓದುಗರಿದ್ದಾರೆ. ಓದಲು ಬಂದು ಪುಸ್ತಕ ಇಲ್ಲದವರು. ಪುಸ್ತಕ ಕೊಳ್ಳುವ ಶಕ್ತಿ ಇದ್ದು ಓದಲು ಬಾರದವರು. ಎರಡನೆಯವರಿಗೆ ಬರೆಯುವಾಗ ಪುಸ್ತಕ ಓದುವುದು ಮಗುವಲ್ಲ, ಅಪ್ಪನೋ ಅಮ್ಮನೋ ಅಜ್ಜನೋ. ಮಗು ಕೇಳುತ್ತದೆ. ಅಂದರೆ ನಿಮ್ಮ ವಾಕ್ಯ ಕಣ್ಣಿಗಿಂತ ಮೊದಲು ದಣಿದ ಒಬ್ಬರ ಬಾಯಿಗೆ ಹೊಂದಬೇಕು. ನನಗೆ ಇದು ಅರ್ಥವಾಗಲು ಒಂದು ಪುಸ್ತಕ ದಂಡವಾಯಿತು.

ಕೆಲವರು "ನಮ್ಮ ಮನೆಭಾಷೆ ತುಳು, ನಾನು ಕನ್ನಡದಲ್ಲಿ ಬರೆಯಬಹುದಾ?" ಅಂತಲೂ ಕೇಳುತ್ತಾರೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ದಾರಿ ಹಾಕಿದ ಪಂಜೆ ಮಂಗೇಶರಾಯರು (1874-1937) ಬಂಟ್ವಾಳದವರು. ಮನೆಮಾತು ಕೊಂಕಣಿ, ಊರಿನ ಮಾತು ತುಳು. ಶಾಲೆಯ ಮೇಷ್ಟ್ರಾಗಿದ್ದವರು, ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. ಮಕ್ಕಳ ಬಾಯಲ್ಲಿ ಯಾವ ಮಾತು ಉರುಳುತ್ತದೆ ಅಂತ ಅವರಿಗೆ ಗೊತ್ತಿತ್ತು. ನೂರು ವರ್ಷ ಆದರೂ ಅವರ ಪದ್ಯಗಳನ್ನು ಮಕ್ಕಳು ಹಾಡುತ್ತಲೇ ಇದ್ದಾರೆ.

ಈಗ ಹೇಗೆ ಬರೆಯುವುದು ಅನ್ನುವುದಕ್ಕೆ ಬರೋಣ. ನನ್ನ ಅಳಿಲಿನ ಕಥೆ ಹೇಳುತ್ತೇನೆ.

ಒಂದು ಭಾನುವಾರ "ಒಂದು ಅಳಿಲು ಇತ್ತು" ಅಂತ ಶುರು ಮಾಡಿದೆ. ಯಾರ ಮುಖದಲ್ಲೂ ಏನೂ ಇಲ್ಲ. ಅಳಿಲು ಅಂದರೆ ಗೊತ್ತಿಲ್ಲ. ಚಿತ್ರ ತೋರಿಸಿದೆ. "ಓ, ಖಾರ್!" ಅಂತ ಏಳು ವರ್ಷದ ಒಬ್ಬಳು ಕಿರುಚಿದಳು. ಮರಾಠಿಯಲ್ಲಿ ಅಳಿಲಿಗೆ ಖಾರ್ ಅಂತಾರೆ. ಇನ್ನೊಬ್ಬ, "ಖಾರ ಅಂದ್ರೆ ಮಿರ್ಚಿ ಅಲ್ವಾ ಆಂಟಿ?" ಅಂದ. ಮೂರನೆಯವನಿಗೆ ತಡೆಯಲಾಗಲಿಲ್ಲ. "ಖಾರ್ ಅಂದ್ರೆ ಬಾಂದ್ರಾ ಆದ್ಮೇಲೆ ಬರೋ ಸ್ಟೇಷನ್!" ಹತ್ತು ನಿಮಿಷ ಕಥೆ ಮುಂದೆ ಹೋಗಲೇ ಇಲ್ಲ. ಖಾರ ತಿಂದ ಖಾರ್ ಖಾರ್‌ನಲ್ಲಿ ಇಳಿಯಿತು ಅಂತ ಅವರೇ ಹೇಳಿಕೊಂಡು ನೆಲದ ಮೇಲೆ ಹೊರಳಾಡಿ ನಕ್ಕರು. ನಾನು ಬರೆದುಕೊಂಡು ಹೋಗಿದ್ದ ರಾಜನ ತೋಟ, ಒಳ್ಳೆಯ ಅಳಿಲು, ಕೆಟ್ಟ ಕಾಗೆ, ಕೊನೆಗೊಂದು ನೀತಿ, ಎಲ್ಲ ಬ್ಯಾಗಿನಲ್ಲೇ ಉಳಿಯಿತು. ನನ್ನ ಎರಡನೆಯ ಪುಸ್ತಕ ಆ ಖಾರ್‌ದೇ. ಲೋಕಲ್ ಹತ್ತಿದ ಅಳಿಲು, ಪ್ರತಿ ಸ್ಟೇಷನ್ನಿನಲ್ಲೂ ಒಂದೊಂದು ಭಾಷೆಯಲ್ಲಿ ಅದಕ್ಕೊಂದು ಹೆಸರು. ಮಕ್ಕಳು ಈಗ ಅಳಿಲು ಅನ್ನುವ ಪದ ಮರೆಯುವುದಿಲ್ಲ.

ಮುಂಬೈ ಕನ್ನಡದ ಮಕ್ಕಳ ಹತ್ತಿರ ಇಂಥ ಸಾಮಾನು ರಾಶಿ ಬಿದ್ದಿದೆ. ಕನ್ನಡದ "ತಾಯಿ" ಅಮ್ಮ, ಮರಾಠಿಯ "ತಾಈ" ಅಕ್ಕ. ಮರಾಠಿಯಲ್ಲಿ "ಕಾಯ್?" ಅಂದರೆ "ಏನು?". ಕಾಯಿ ತರಲು ಅಂಗಡಿಗೆ ಕಳಿಸಿದ ಮಗುವಿಗೆ ಇದರಲ್ಲೊಂದು ಕಥೆಯೇ ಇದೆ. ಊರಿನ ಹಟ್ಟಿ, ಗದ್ದೆ, ಹೊಳೆ ಬರೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ನಮಗೆ ಊರು ನೆನಪಾಗುತ್ತದೆ ಅಂತ ಮಕ್ಕಳ ಮೇಲೆ ಅದನ್ನು ಹೊರಿಸುವುದು ಬೇಡ. ಹಾಗೆ ಬರೆದದ್ದು ನಮ್ಮ ವಯಸ್ಸಿನವರಿಗೆ ಇಷ್ಟವಾಗುತ್ತದೆ, ಬಿಡುಗಡೆಯ ದಿನ ಚಪ್ಪಾಳೆ ಬೀಳುತ್ತದೆ, ಮಗು ಮಾತ್ರ ವಡೆ ತಿನ್ನುತ್ತಾ ಕೂತಿರುತ್ತದೆ.

ತಾನೇ ಓದಲು ಹೊರಟ ಮಗುವಿಗೆ ಬರೆಯುವಾಗ ಲಿಪಿಯ ಬಗ್ಗೆ ಯೋಚಿಸಿ. ಇಲ್ಲಿಯ ಮಕ್ಕಳಿಗೆ ಕನ್ನಡಕ್ಕಿಂತ ಮೊದಲು ದೇವನಾಗರಿ, ಅಂದರೆ ಹಿಂದಿ-ಮರಾಠಿಯ ಲಿಪಿ, ಬರುತ್ತದೆ. ಅದರಲ್ಲಿ ಎ, ಏ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ "ಬೆಳೆ ಒಣಗಿತು" ಅನ್ನುವುದನ್ನು ಅವರು "ಬೇಳೆ ಒಣಗಿತು" ಅಂತ ಓದುತ್ತಾರೆ, ಅದಕ್ಕೂ ಒಂದು ಅರ್ಥ ಇರುವುದರಿಂದ ಮುಂದೆ ಹೋಗಿಬಿಡುತ್ತಾರೆ! ಅಲ್ಲಿ ಅರ್ಧ ಅಕ್ಷರ ಪಕ್ಕದಲ್ಲಿ ಕೂರುತ್ತದೆ, ನಮ್ಮಲ್ಲಿ ಒತ್ತು ಕೆಳಗೆ ಇಳಿಯುತ್ತದೆ. ಅರ್ಕಾವತ್ತು ಇನ್ನೂ ತರಲೆ. ಬರೆಯುವುದು ಆಮೇಲೆ, ಓದುವುದು ಮೊದಲು. "ಸೂರ್ಯ"ನನ್ನು "ಸೂಯರ್" ಅಂತ ಓದಿದ ಮಗುವಿಗೆ ಬೈಯಬೇಡಿ, ಅದು ಕಂಡ ಸಾಲಿನಲ್ಲೇ ಓದಿದೆ. ಮೊದಲ ಪುಸ್ತಕದಲ್ಲಿ ಒತ್ತಕ್ಷರ ಆದಷ್ಟು ಕಡಿಮೆ ಇರಲಿ, ಇರುವುದು ಅಕ್ಕ, ಅಮ್ಮ, ಬೆಕ್ಕು, ಹಣ್ಣು ತರಹ ಅದೇ ಅಕ್ಷರಕ್ಕೆ ಅದೇ ಒತ್ತು ಆಗಿರಲಿ.

ಉದ್ದ ಪದಗಳೂ ಅಷ್ಟೇ. "ಹೊರಟುಹೋಗಿಬಿಟ್ಟಿದ್ದಳು" ಅಂತ ನಾವು ಒಂದೇ ಉಸಿರಿಗೆ ಬರೆದುಬಿಡುತ್ತೇವೆ. ಮಗು "ಹೊ-ರ-ಟು-ಹೋ-ಗಿ" ಅಂತ ಬರುವಷ್ಟರಲ್ಲಿ ಯಾರು ಹೊರಟರು ಅಂತ ಮರೆತಿರುತ್ತದೆ. "ಅವಳು ಹೋದಳು" ಸಾಕು. ಕಥೆ ಹೇಳುವ ಭಾಗವನ್ನು "ಬಂದಳು, ಹೋದಳು" ಅಂತಲೇ ಇಟ್ಟು, ಪಾತ್ರಗಳ ಬಾಯಲ್ಲಿ "ಬಂದ್ಳಾ?", "ಬರ್ತೀಯೇನೋ?" ಅಂತ ಬರೆಯುತ್ತೇನೆ. ಇದರ ಬಗ್ಗೆ ಜಗಳ ಮಾಡುವವರು ಇದ್ದಾರೆ, ಮಾಡಲಿ.

ಚಿತ್ರದಲ್ಲಿ ಕಾಣುವುದನ್ನು ಮಾತಿನಲ್ಲಿ ಮತ್ತೆ ಹೇಳಬೇಡಿ. ಕೆಂಪು ಛತ್ರಿ ಚಿತ್ರದಲ್ಲಿದ್ದರೆ "ಕೆಂಪು" ಬೇಡ. ಚಿತ್ರ ಬರೆಯುವವರಿಗೆ ಮೊದಲೇ ದುಡ್ಡು ಮಾತಾಡಿ, ಕೊಡಿ. "ಮಕ್ಕಳ ಪುಸ್ತಕ ತಾನೇ, ಸುಮ್ನೆ ಬರೆದುಕೊಡಿ" ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಪ್ರೆಸ್‌ನಲ್ಲಿ ಒಟ್ಟಿಗೆ 16 ಪುಟ ಅಚ್ಚಾಗುವ ಫಾರಂ ಲೆಕ್ಕ ಇರುತ್ತದೆ, ಹಾಗಾಗಿ 16 ಅಥವಾ 32 ಪುಟಕ್ಕೆ ಕಥೆ ಹೊಂದಿಸಿಕೊಳ್ಳಿ, 19 ಪುಟ ಅಂತ ಹೋದರೆ ಕಾಗದ ದಂಡ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರ್, ನಮ್ಮ ದೇಶದಲ್ಲಿ ಪುಕ್ಕಟೆ ಸಿಗುತ್ತದೆ, ಏಜೆಂಟರಿಗೆ ದುಡ್ಡು ಕೊಡಬೇಡಿ.

ಮೊದಲಿಗೇ ಅಚ್ಚು ಹಾಕಿಸಲೂ ಬೇಡ. ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್ 2015ರಿಂದ ಇದೆ. ಅಲ್ಲಿ ನಾಲ್ಕು ಹಂತದ ಕಥೆಗಳು, ಕನ್ನಡದಲ್ಲೂ ಬೇಕಾದಷ್ಟಿವೆ, ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ಅಚ್ಚು ಹಾಕಿಕೊಳ್ಳಬಹುದು. ಮೊದಲು ಅಲ್ಲಿಯ ಒಂದನೇ ಹಂತದ ನಾಲ್ಕು ಕಥೆಗಳನ್ನು ಬೇರೆ ಭಾಷೆಯಿಂದ ಕನ್ನಡಕ್ಕೆ ತನ್ನಿ. ಒಂದು ಪುಟಕ್ಕೆ ಎರಡೇ ವಾಕ್ಯ ಬರೆಯುವುದು ಎಷ್ಟು ಕಷ್ಟ ಅಂತ ಕೈಗೆ ಗೊತ್ತಾಗುತ್ತದೆ. ಪ್ರಥಮ್ ಸಂಸ್ಥೆ ಹುಟ್ಟಿದ್ದು 1995ರಲ್ಲಿ ಇದೇ ಮುಂಬೈಯ ಕೊಳೆಗೇರಿಗಳಲ್ಲಿ, ನಾವಿಲ್ಲಿ ಬರೆದು ಅಲ್ಲಿ ಹಾಕಿದರೆ ಅದೂ ಒಂದು ತರಹ ಮನೆಗೆ ಬಂದ ಹಾಗೆಯೇ.

ಬರೆದದ್ದನ್ನು ಮಕ್ಕಳಿಗೆ ಓದಿ. ನಿಮ್ಮ ಮನೆಯ ಮಕ್ಕಳಿಗಲ್ಲ, ಅವರು ಪ್ರೀತಿಗೆ ಕೇಳುತ್ತಾರೆ. ಪರಿಚಯ ಇಲ್ಲದ ಐದು ಮಕ್ಕಳಿಗೆ ಓದಿ. ಯಾವ ಪುಟದಲ್ಲಿ ಅವರು ಫ್ಯಾನ್ ನೋಡಲು ಶುರು ಮಾಡುತ್ತಾರೋ ಆ ಪುಟ ಹೊಡೆದುಹಾಕಿ.

ಇನ್ನು ನಾನು ಮೇಲೆ ಹೇಳಿದ ಆ ದಂಡವಾದ ಮೊದಲ ಪುಸ್ತಕ. ಒಬ್ಬ ಅಜ್ಜಿಯ ಕಥೆ. 500 ಪ್ರತಿ ನನ್ನ ದುಡ್ಡಿನಲ್ಲೇ ಹಾಕಿಸಿದೆ. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿದ್ದೆ. ಪ್ರೆಸ್‌ನವರ ಡಿಟಿಪಿ (ಪುಟ ಜೋಡಿಸುವ ಸಾಫ್ಟ್‌ವೇರ್) ಹಳೆಯದು, ಅದಕ್ಕೆ ಕನ್ನಡದ ಒತ್ತು ಕೂಡಿಸಲು ಬರುತ್ತಿರಲಿಲ್ಲ. ಪ್ರೂಫ್ ಫೋನಿನಲ್ಲಿ ನೋಡಿ "ಓಕೆ" ಅಂದೆ. ಅದು ನನ್ನ ಪೆದ್ದುತನ, ಕಾಗದದ ಮೇಲೆ ನೋಡಬೇಕಿತ್ತು. ಪುಸ್ತಕ ಬಂದಾಗ ಅರ್ಧಕ್ಕರ್ಧ ಜಾಗದಲ್ಲಿ ಅಜ್ಜಿ ಒಡೆದು "ಅಜ್‌ಜಿ" ಆಗಿದ್ದಳು. ದೊಡ್ಡಪ್ಪ "ದೊಡ್‌ಡಪ್‌ಪ". ಅಕ್ಕಿ ರೊಟ್ಟಿ ಬಾಯಿಗಿಡುವ ಹಾಗಿರಲಿಲ್ಲ. ಮಳೆಗಾಲದಲ್ಲಿ ಮಂಚದ ಕೆಳಗಿನ ಕಟ್ಟುಗಳಿಗೆ ಬೂಷ್ಟು ಹಿಡಿಯಿತು. ನಾಚಿಕೆಗೆ ಎರಡು ವರ್ಷ ಮುಟ್ಟಲಿಲ್ಲ.

ಒಂದು ಭಾನುವಾರ ಓದಲು ಬೇರೇನೂ ಇರಲಿಲ್ಲ. ಒಂದು ಕಟ್ಟು ತಗೊಂಡು ಹೋಗಿ ಎಲ್ಲರಿಗೂ ಒಂದೊಂದು ಪ್ರತಿ, ಒಂದೊಂದು ಕೆಂಪು ಪೆನ್ನು ಕೊಟ್ಟೆ. "ಪ್ರೆಸ್ ಅಂಕಲ್ ತಪ್ಪು ಮಾಡಿದ್ದಾರೆ, ಸರಿ ಮಾಡಿ" ಅಂದೆ. ದೊಡ್ಡವರ ತಪ್ಪು ಹುಡುಕಿ ಅಂದರೆ ಮಕ್ಕಳಿಗೆ ಕೇಳಬೇಕಾ! ಒತ್ತಕ್ಷರ ಅಂದರೆ ಅಳುತ್ತಿದ್ದವರು ನೆಲಕ್ಕೆ ಬೋರಲು ಬಿದ್ದು ಒಡೆದ ಅಜ್ಜಿಯನ್ನು ಕೂಡಿಸುತ್ತಾ ಕೂತರು. ಖಾರ್ ಅಂತ ಕಿರುಚಿದ್ದ ಹುಡುಗಿ 41 ತಪ್ಪು ಹಿಡಿದು, ಪುಸ್ತಕ ಮುಚ್ಚಿ, "ಆಂಟಿ, ಇನ್ನೂ ತಪ್ಪಿರೋ ಪುಸ್ತಕ ಇದೆಯಾ?" ಅಂದಳು. ಮಂಚದ ಕೆಳಗೆ ಈಗ ಉಳಿದಿರುವುದು 60 ಪ್ರತಿ. ಅದನ್ನು ಮಾತ್ರ ನಾನು ಯಾರಿಗೂ ಸುಮ್ಮನೆ ಕೊಡುವುದಿಲ್ಲ.