ವಾಚ್‌ಗೆ ಹೆಸರು ಬರೆಸಿ ಕಾಯುತ್ತಿದ್ದೀರಾ?

ಓದುಗರ ಪ್ರಶ್ನೆಗಳ ಪುಟ

ಈ ಸಲ ಮಂಗಳೂರು, ಉಡುಪಿ ಕಡೆಯಿಂದ ಒಂದೇ ವಿಷಯದ ಮೇಲೆ ಸುಮಾರು ಪತ್ರಗಳು ಬಂದಿವೆ. ದುಡ್ಡು ಕೈಯಲ್ಲಿದ್ದರೂ ಅಂಗಡಿಯಲ್ಲಿ ಸಿಗದ ವಾಚ್, ಅದಕ್ಕೊಂದು ವೈಟಿಂಗ್ ಲಿಸ್ಟ್, ಹೊರಗೆ ಪ್ರೀಮಿಯಂ, ಅಂದರೆ ಕಂಪನಿಯ ಲಿಸ್ಟ್ ರೇಟಿನ ಮೇಲೆ ಕೊಡುವ ಜಾಸ್ತಿ ಹಣ. ಹಾಗಾಗಿ ಇಡೀ ಪುಟವನ್ನು ಅದಕ್ಕೇ ಬಿಟ್ಟಿದ್ದೇವೆ.

ನಮ್ಮ ಯಜಮಾನರಿಗೆ ಬರುವ ವರ್ಷ ಅರವತ್ತು ತುಂಬುತ್ತದೆ. ರೋಲೆಕ್ಸ್ ಸಬ್‌ಮರೀನರ್ ಕೊಡಿಸಬೇಕು ಅಂತ ನಾನೂ ಮಕ್ಕಳೂ ಸೇರಿ ಹಣ ಹೊಂದಿಸಿಟ್ಟಿದ್ದೇವೆ. ಬೆಂಗಳೂರಿನ ಅಂಗಡಿಗೆ ಹೋದರೆ ಶೋಕೇಸಿನಲ್ಲಿ ಇರುವುದು ನೋಡಲಿಕ್ಕೆ ಮಾತ್ರ ಅಂತೆ, ಮಾರಲಿಕ್ಕೆ ಅಲ್ಲವಂತೆ. ಹೆಸರು ಬರೆದುಕೊಂಡರು. ಎಷ್ಟನೇ ನಂಬರ್ ಅಂತ ಕೇಳಿದರೆ ಹೇಳುವುದಿಲ್ಲ. ಇದೆಂತ ಕಥೆ ಮಾರಾಯ್ರೆ? (ಓದುಗರು, ಕದ್ರಿ)

ನಂಬರ್ ಹೇಳಲಿಲ್ಲ ಅಂತ ಬೇಸರ ಮಾಡಬೇಡಿ. ಹೆಚ್ಚಿನ ಕಡೆ ನಂಬರ್ ಅಂತ ಒಂದು ಇರುವುದೇ ಇಲ್ಲ. ವೈಟಿಂಗ್ ಲಿಸ್ಟ್ ಅಂದ ಕೂಡಲೇ ಮೊದಲು ಬಂದವರಿಗೆ ಮೊದಲು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಹಾಗಲ್ಲ. ಅದು ಬೇಕು ಅಂದವರ ಹೆಸರು ಬರೆದಿಟ್ಟ ಪುಸ್ತಕ, ಅಷ್ಟೇ. ಕಂಪನಿಯಿಂದ ಅಂಗಡಿಗೆ ಆಗಾಗ ಕೆಲವು ಪೀಸ್ ಬರುತ್ತವೆ. ಆ ದಿನ ಯಾರಿಗೆ ಫೋನ್ ಮಾಡಬೇಕು ಅಂತ ಅಂಗಡಿಯವರೇ ತೀರ್ಮಾನ ಮಾಡುತ್ತಾರೆ. ಮೊದಲಿಂದ ಗಿರಾಕಿಯಾದವರು, ಮುಖಪರಿಚಯ ಇರುವವರು, ತೆಗೆದುಕೊಂಡು ಮರುದಿನವೇ ಮಾರುವುದಿಲ್ಲ ಅಂತ ನಂಬಿಕೆ ಹುಟ್ಟಿಸಿದವರು ಮುಂದೆ ಹೋಗುತ್ತಾರೆ. ನಿಮಗಿಂತ ಆರು ತಿಂಗಳು ಆಮೇಲೆ ಹೆಸರು ಬರೆಸಿದವರಿಗೆ ನಿಮಗಿಂತ ಮೊದಲು ಸಿಗಬಹುದು. ಇದು ಸರಿ ಅಂತ ನಾನು ಹೇಳುವುದಿಲ್ಲ, ಆದರೆ ನಡೆಯುವುದು ಹೀಗೆ. ಇದನ್ನು ತಿಳಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.

ಹಾಗಾದರೆ ಜಾಸ್ತಿ ತಯಾರು ಮಾಡಬಾರದಾ? ಈಗಾಗಲೇ ಕಡಿಮೆಯೇನೂ ಮಾಡುತ್ತಿಲ್ಲ. ವರ್ಷಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ರೋಲೆಕ್ಸ್ ತಯಾರಾಗುತ್ತವೆ ಅನ್ನುವುದು ಈ ಉದ್ಯಮವನ್ನು ನೋಡುವವರ ಅಂದಾಜು. ಬೇಕು ಅನ್ನುವವರು ಅದಕ್ಕಿಂತ ಎಷ್ಟೋ ಜಾಸ್ತಿ, ಅದೂ ಎಲ್ಲರಿಗೂ ಬೇಕಾಗಿರುವುದು ಅದೇ ನಾಲ್ಕೈದು ಸ್ಟೀಲ್ ಮಾಡೆಲ್. ಕೊರತೆ ನಾವು ಬೇಕಂತಲೇ ಮಾಡಿದ್ದಲ್ಲ ಅಂತ ಕಂಪನಿ 2021ರಲ್ಲಿ ಹೇಳಿಕೆ ಕೊಟ್ಟಿತ್ತು. ಸ್ವಿಟ್ಜರ್ಲೆಂಡಿನ ಬ್ಯೂಲ್ ಎಂಬಲ್ಲಿ ದೊಡ್ಡ ಕಾರ್ಖಾನೆ ಕಟ್ಟುತ್ತಿದ್ದಾರೆ, ಅದು ಶುರುವಾಗುವುದು 2029ಕ್ಕೆ ಅಂತ ಹೇಳಿದ್ದಾರೆ. ಇನ್ನೊಂದು ವಿಷಯವೂ ಇದೆ. ರೋಲೆಕ್ಸ್ ಶೇರು ಮಾರುಕಟ್ಟೆಯಲ್ಲಿರುವ ಕಂಪನಿ ಅಲ್ಲ. ಅದನ್ನು ಶುರು ಮಾಡಿದ ಹಾನ್ಸ್ ವಿಲ್ಸ್‌ಡಾರ್ಫ್ ಹೆಸರಿನ ಪ್ರತಿಷ್ಠಾನದ ಕೈಯಲ್ಲಿದೆ. ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕಾದ ಒತ್ತಡ ಅವರಿಗಿಲ್ಲ, ಹಾಗಾಗಿ ಅವಸರವೂ ಇಲ್ಲ.

ನಮ್ಮಲ್ಲಿ ಹಿರಿಯರಿಗೆ ಇದು ಹೊಸತೇನಲ್ಲ. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಕಾಲ ಇತ್ತು. ಬೆಲೆ ಕಾಗದದಲ್ಲಿ ಒಂದು, ಕೂಡಲೇ ಬೇಕು ಅಂದರೆ ಹೊರಗೆ ಇನ್ನೊಂದು. ಗಲ್ಫ್‌ನಲ್ಲಿ ಅಣ್ಣನೋ ಭಾವನೋ ಇದ್ದು ವಿದೇಶಿ ಹಣ ಕಳಿಸಿದರೆ ಸಾಲು ತಪ್ಪಿಸಿ ಬೇಗ ಸಿಗುತ್ತಿತ್ತು. ಬೆಲೆಯನ್ನು ಒಂದು ಕಡೆ ಕಟ್ಟಿಹಾಕಿ ಸರಕು ಕಡಿಮೆ ಬಿಟ್ಟರೆ, ನಡುವಿನ ಅಂತರ ಯಾರದೋ ಕಿಸೆಗೆ ಹೋಗುತ್ತದೆ. ಆಗ ಸ್ಕೂಟರ್, ಈಗ ವಾಚ್.

ನೀವು ಮಾಡಬೇಕಾದದ್ದು ಹೇಳುತ್ತೇನೆ. ಅರವತ್ತರ ಶಾಂತಿಯ ದಿನಾಂಕವನ್ನೇ ಅಂಗಡಿಯವರಿಗೆ ಹೇಳಿ. ಯಾರಿಗೆ, ಯಾಕೆ ಅಂತ ಹೇಳಿ. ಸಾಧ್ಯವಾದರೆ ಯಜಮಾನರನ್ನೇ ಕರೆದುಕೊಂಡು ಹೋಗಿ, ಗುಟ್ಟು ಬಯಲಾದರೂ ಅಡ್ಡಿಯಿಲ್ಲ. ಕೈಗೆ ಹಾಕಿಕೊಳ್ಳುವ ಮನುಷ್ಯನನ್ನು ಅವರು ಕಣ್ಣಾರೆ ಕಂಡರೆ ನಂಬಿಕೆ ಬರುತ್ತದೆ. ಒಬ್ಬರೇ ಸೇಲ್ಸ್‌ನವರ ಹತ್ತಿರ ಮಾತಾಡಿ, ಎರಡು ಮೂರು ತಿಂಗಳಿಗೊಮ್ಮೆ ನೆನಪು ಮಾಡಿ. ತಾರೀಖು ತೋರಿಸುವ ಸಬ್‌ಮರೀನರ್ ಬೇಕಾ, ಇಲ್ಲದ್ದೂ ಆಗುತ್ತದಾ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎರಡೂ ಆಗಬಹುದು ಅಂದರೆ ಅವಕಾಶ ಜಾಸ್ತಿ. ಹೆಸರು ಬರೆಸಲಿಕ್ಕೆ ದುಡ್ಡು ಕೊಡಬೇಡಿ. ಯಾರಾದರೂ ಅಡ್ವಾನ್ಸ್ ಕೇಳಿದರೆ, ಯಾವ ಮಾಡೆಲ್, ಎಷ್ಟು ದಿನದೊಳಗೆ, ಬೇಡ ಅಂದರೆ ಹಣ ವಾಪಸ್ಸಾ ಅನ್ನುವುದನ್ನು ಬರೆಸಿಕೊಳ್ಳದೆ ಕಿಸೆಗೆ ಕೈ ಹಾಕಬೇಡಿ.

ಒಬ್ಬರು ಬ್ರೋಕರ್ ಫೋನ್ ಮಾಡಿ ರೋಲೆಕ್ಸ್ ವಾಚ್ ನಾಳೆಯೇ ತಂದುಕೊಡುತ್ತೇನೆ, ಲಿಸ್ಟ್ ರೇಟಿನ ಮೇಲೆ ಎರಡೂವರೆ ಲಕ್ಷ ಜಾಸ್ತಿ ಆಗುತ್ತದೆ ಅನ್ನುತ್ತಾರೆ. ಅರ್ಧ ಕ್ಯಾಶ್ ಅಂತೆ. ಕೊಡಬಹುದಾ? (ಓದುಗರು, ಅಂಬಲಪಾಡಿ, ಉಡುಪಿ)

ಅರ್ಧ ಕ್ಯಾಶ್ ಅಂದ ಕೂಡಲೇ ಬೇಡ ಅಂದುಬಿಡಿ. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ದಂಡ ಬೀಳುವುದು ನಗದು ತೆಗೆದುಕೊಂಡವರಿಗೆ, ನಿಜ, ಆದರೆ ನಿಮ್ಮ ಕೈಯಲ್ಲಿ ಉಳಿಯುವುದು ಅರ್ಧ ಬೆಲೆಯ ಬಿಲ್ಲು. ನಾಳೆ ಕಳವಾದರೆ ಇನ್ಶೂರೆನ್ಸಿನವರು ಆ ಬಿಲ್ಲನ್ನೇ ಹಿಡಿಯುತ್ತಾರೆ.

ಪೂರ್ತಿ ಬಿಲ್ಲು ಕೊಟ್ಟು ಬ್ಯಾಂಕಿನಲ್ಲಿ ಹಣ ತೆಗೆದುಕೊಳ್ಳುವವರಾದರೆ ಆಮೇಲೆ ಯೋಚನೆ ಮಾಡುವ. ಕಂಪನಿಯ ಅಧಿಕೃತ ಅಂಗಡಿ ಎಂಆರ್‌ಪಿ ಮೀರಿ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಪ್ರೀಮಿಯಂ ಕೇಳುವವರು ಒಮ್ಮೆ ಮಾರಾಟವಾದ ವಾಚನ್ನು ಮತ್ತೆ ಮಾರುತ್ತಿದ್ದಾರೆ ಅಂತ ಲೆಕ್ಕ. ಪ್ಲಾಸ್ಟಿಕ್ ಬಿಚ್ಚದಿದ್ದರೂ ನೀವು ಎರಡನೇ ಮಾಲೀಕರು. ರೋಲೆಕ್ಸಿನ 5 ವರ್ಷದ ಗ್ಯಾರಂಟಿ ಮೊದಲ ಮಾರಾಟದ ದಿನದಿಂದಲೇ ಓಡಲು ಶುರುವಾಗಿರುತ್ತದೆ, ಗ್ಯಾರಂಟಿ ಕಾರ್ಡಿನಲ್ಲಿ ಆ ತಾರೀಖು ನೋಡಿ. ಕಾರ್ಡು ಆಮೇಲೆ ಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಪ್ರೀಮಿಯಂ ಕೊಡುವುದು ತಪ್ಪು ಅಂತ ನಾನು ಅನ್ನುವುದಿಲ್ಲ. ಆ ಎರಡೂವರೆ ಲಕ್ಷವನ್ನು ಬೇರೆ ಇಟ್ಟು ನೋಡಿ. ಅದು ಬೇಗ ಸಿಗುವುದಕ್ಕೆ ಕೊಡುವ ಹಣ. ವಯಸ್ಸಾದ ತಂದೆಗೆ ಈ ವರ್ಷವೇ ಕೊಡಬೇಕು, ಮುಂದಿನ ವರ್ಷದ ಮಾತು ಬೇಡ ಅನ್ನುವ ಮನೆಯಾದರೆ ಅದಕ್ಕೆ ಅರ್ಥ ಇದೆ. ಸುಮ್ನೆ ತಡೆಯಲಾಗದೆ ಕೊಡುವುದಾದರೆ ಬೇಡ ಅಂತಲೇ ನನ್ನ ಸಲಹೆ. ಪ್ರೀಮಿಯಂ ಏರಿದ ಹಾಗೆಯೇ ಇಳಿಯಲೂಬಹುದು. ಇನ್ನೊಂದು, ರೋಲೆಕ್ಸ್ ಅಂದ ಕೂಡಲೇ ಎಲ್ಲದಕ್ಕೂ ಪ್ರೀಮಿಯಂ ಇರುವುದಿಲ್ಲ. ಸ್ಟೀಲ್ ಡೇಟೋನಾಗೆ ಇರುವ ಎಳೆತ, ಸ್ಟೀಲೂ ಚಿನ್ನವೂ ಸೇರಿದ ಡೇಟ್‌ಜಸ್ಟ್‌ಗೆ ಇಲ್ಲ. ಎಷ್ಟೋ ಮಾಡೆಲ್‌ಗಳು ಸೆಕೆಂಡ್ ಹ್ಯಾಂಡಿನಲ್ಲಿ ಲಿಸ್ಟ್ ರೇಟಿಗಿಂತ ಕಡಿಮೆಗೇ ಸಿಗುತ್ತವೆ.

ಅಂಗಡಿಯವರು ನೇರವಾಗಿ ಹೇಳುವುದಿಲ್ಲ, ಆದರೆ "ಸರ್, ಮೊದಲು ನಮ್ಮಲ್ಲಿ ಬೇರೆ ಎಂತಾದರೂ ತೆಗೆದುಕೊಳ್ಳಿ, ಪ್ರೊಫೈಲ್ ಆಗುತ್ತದೆ" ಅನ್ನುತ್ತಾರೆ. ಒಂದು ವಜ್ರದ ನೆಕ್ಲೇಸ್ ತೋರಿಸಿದರು. ತೆಗೆದುಕೊಂಡರೆ ವಾಚ್ ಬೇಗ ಸಿಗಬಹುದಾ? (ಓದುಗರು, ಸುರತ್ಕಲ್)

ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಸಂಕಟ ಮಾಡಿದ ಪತ್ರ ಇದು. ಬೇಡದ್ದನ್ನು ತೆಗೆದುಕೊಂಡು ಬೇಕಾದ್ದಕ್ಕೆ ಕಾಯುವುದು ಅಂದರೆ ಪ್ರೀಮಿಯಂ ಕೊಟ್ಟ ಹಾಗೆಯೇ, ಇನ್ನೂ ಕೆಟ್ಟ ರೀತಿಯಲ್ಲಿ. ಬ್ರೋಕರಿಗೆ ಎರಡೂವರೆ ಲಕ್ಷ ಕೊಟ್ಟರೆ ವಾಚಾದರೂ ಕೈಗೆ ಬರುತ್ತದೆ. ಇಲ್ಲಿ ಐದು ಲಕ್ಷದ ನೆಕ್ಲೇಸ್ ತೆಗೆದುಕೊಂಡಿರಿ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಯಾರೂ ಹಾಕದ ಆ ವಜ್ರವನ್ನು ನಾಳೆ ಮಾರಲಿಕ್ಕೆ ಹೋದರೆ ಕೊಟ್ಟ ಬೆಲೆಯ ಹತ್ತಿರವೂ ಬರುವುದಿಲ್ಲ, ಇದು ಆಭರಣ ಮಾರಿ ನೋಡಿದ ಎಲ್ಲರಿಗೂ ಗೊತ್ತು. ಆ ನಷ್ಟವೇ ನಿಮ್ಮ ಪ್ರೀಮಿಯಂ. ಅಷ್ಟಾದ ಮೇಲೂ ವಾಚ್ ಸಿಕ್ಕೇ ಸಿಗುತ್ತದೆ ಅಂತ ಅವರು ಎಲ್ಲಿಯೂ ಬರೆದು ಕೊಡುವುದಿಲ್ಲ. ಸೇಲ್ಸ್‌ನವರು ಬೇರೆ ಕೆಲಸಕ್ಕೆ ಹೋದರೆ ಬಾಯಿಮಾತು ಅವರ ಜೊತೆಯೇ ಹೋಯಿತು.

ಇದು ವಾಚ್ ಲೋಕದಲ್ಲಿ ಮಾತ್ರ ಇರುವ ರೋಗ ಅಲ್ಲ. ಬರ್ಕಿನ್ ಬ್ಯಾಗ್ ಬೇಕಾದರೆ ಬೇರೆ ಸಾಮಾನು ಕೊಳ್ಳಬೇಕಾಗುತ್ತದೆ ಅಂತ ಕ್ಯಾಲಿಫೋರ್ನಿಯಾದ ಗ್ರಾಹಕರು 2024ರಲ್ಲಿ ಆ ಬ್ಯಾಗ್ ಮಾಡುವ ಫ್ರೆಂಚ್ ಕಂಪನಿ ಎರ್ಮೇಸ್ ಮೇಲೆ ಕೇಸು ಹಾಕಿದ್ದರು. ಕೋರ್ಟು ಅದನ್ನು ಕೊನೆಗೆ ವಜಾ ಮಾಡಿತು. ಅಂದರೆ ಕೋರ್ಟು ನೋಡಿಕೊಳ್ಳುತ್ತದೆ ಅಂತ ಕೂರುವ ಹಾಗಿಲ್ಲ, ನಮ್ಮ ಎಚ್ಚರ ನಮಗೇ ಇರಬೇಕು.

ಮಗಳ ಮದುವೆಗೆ ಹೇಗೂ ನೆಕ್ಲೇಸ್ ಬೇಕಿತ್ತು, ಬೆಲೆಯೂ ಬೇರೆ ಕಡೆಗಿಂತ ಜಾಸ್ತಿ ಅಲ್ಲ ಅಂತಾದರೆ ಅಲ್ಲಿಯೇ ತೆಗೆದುಕೊಳ್ಳಿ, ಪರಿಚಯ ಆಗುತ್ತದೆ. ಅದಕ್ಕಿಂತ ಆಚೆ ಒಂದು ರೂಪಾಯಿಯೂ ಬೇಡ.

ತಮ್ಮ ದುಬೈಯಲ್ಲಿ ಇದ್ದಾನೆ. ಅಲ್ಲಿ ಬೇಗ ಸಿಗುತ್ತದೆ, ತೆರಿಗೆಯೂ ಕಡಿಮೆ, ಕೈಗೆ ಕಟ್ಟಿಕೊಂಡು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದರೆ ಯಾರೂ ಕೇಳುವುದಿಲ್ಲ, ಬಾಕ್ಸ್ ಆಮೇಲೆ ಬೇರೆಯವರ ಹತ್ತಿರ ಕಳಿಸಿದರಾಯಿತು ಅನ್ನುತ್ತಾನೆ. (ಓದುಗರು, ಕಾರ್ಕಳ)

ತಮ್ಮನಿಗೆ ದಯವಿಟ್ಟು ಈ ಪುಟ ಕಳಿಸಿ. ಕೈಯಲ್ಲಿ ಕಟ್ಟಿಕೊಂಡ ಮಾತ್ರಕ್ಕೆ ಹೊಸ ವಾಚ್ ಹಳೆಯದಾಗುವುದಿಲ್ಲ. ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮಿತಿ ಇಂಥ ವಾಚ್‌ನ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಅದಕ್ಕಿಂತ ಜಾಸ್ತಿ ಇದ್ದರೆ ಕಸ್ಟಮ್ಸಿನಲ್ಲಿ ಸುಂಕ ಕಟ್ಟುವವರಿಗಾಗಿ ಇರುವ ರೆಡ್ ಚಾನೆಲ್‌ಗೆ ಹೋಗಿ ಬಿಲ್ಲು ತೋರಿಸಿ ಸುಂಕ ಕಟ್ಟಬೇಕು. ಹೇಳದೆ ಸಿಕ್ಕಿಬಿದ್ದರೆ ವಾಚನ್ನು ವಶ ಮಾಡಿಕೊಳ್ಳುತ್ತಾರೆ, ದಂಡ ಬೇರೆ. ಗಲ್ಫ್ ವಿಮಾನದಲ್ಲಿ ಬಂದವರ ಕೈಯಲ್ಲಿ ಏನಿದೆ ಅಂತ ನೋಡುವುದೇ ಬಜ್ಪೆಯ ಕಸ್ಟಮ್ಸಿನವರ ದಿನದ ಕೆಲಸ. ಬಾಕ್ಸ್ ಬೇರೆ ಕಳಿಸುವುದು ಅವರು ಕಾಣದ ಉಪಾಯ ಏನಲ್ಲ.

ದುಬೈಯಲ್ಲಿ ವ್ಯಾಟ್ 5 ಶೇಕಡ. ಪ್ರವಾಸಿಗೆ ಅದರಲ್ಲಿ ಹೆಚ್ಚಿನದು ವಾಪಸ್ ಸಿಗುತ್ತದೆ, ಅಲ್ಲೇ ವಾಸ ಇರುವ ತಮ್ಮನಿಗೆ ಸಿಗುವುದಿಲ್ಲ. ಇಲ್ಲಿನ ಸುಂಕ ಸೇರಿಸಿದ ಮೇಲೆ ಲಾಭ ಎಷ್ಟು ಉಳಿಯಿತು ಅಂತ ಒಂದು ಕಾಗದದಲ್ಲಿ ಲೆಕ್ಕ ಹಾಕಿ ನೋಡಿ. ಅಲ್ಲಿಯೂ ಬೇಕಾದ ಮಾಡೆಲ್‌ಗೆ ಕಾಯಬೇಕು. ಬೇಗ ಸಿಗುವುದು ಅಂದರೆ ಹೆಚ್ಚಾಗಿ ಪ್ರೀಮಿಯಂ ಅಂಗಡಿಯಲ್ಲಿ.

ಭಾರತದಲ್ಲಿ ಸ್ವಿಸ್ ವಾಚ್‌ಗೆ ಇರುವ ಆಮದು ಸುಂಕವೂ ಇಳಿಯುವ ದಾರಿಯಲ್ಲಿದೆ. ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳ ಜೊತೆ 2024ರ ಮಾರ್ಚಿನಲ್ಲಿ ಆದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರಂತೆ ವಾಚ್ ಸುಂಕ ಹಂತ ಹಂತವಾಗಿ ಕಡಿಮೆಯಾಗುತ್ತದೆ. ಇನ್ನೊಂದು ನೆನಪಿಡಿ, 2025ರ ಏಪ್ರಿಲ್ 22ರಿಂದ 10 ಲಕ್ಷ ಮೀರಿದ ವಾಚ್‌ಗೆ ಅಂಗಡಿಯವರು 1 ಶೇಕಡ ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಹೋದ ಹಣ ಅಲ್ಲ, ಪ್ಯಾನ್ ಸರಿ ಕೊಟ್ಟರೆ ರಿಟರ್ನ್ಸ್ ಹಾಕುವಾಗ ನಿಮ್ಮ ತೆರಿಗೆಗೆ ಜಮಾ ಆಗುತ್ತದೆ. ಮತ್ತೆ, ಇಲ್ಲಿ ಕೊಂಡ ದುಬಾರಿ ವಾಚ್ ಕಟ್ಟಿಕೊಂಡು ವಿದೇಶಕ್ಕೆ ಹೊರಡುವವರು ಹೋಗುವಾಗಲೇ ಕಸ್ಟಮ್ಸಿನಲ್ಲಿ ಒಂದು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬರುವಾಗ ಇದು ನನ್ನದೇ ಅಂತ ವಾದ ಮಾಡುವುದು ತಪ್ಪುತ್ತದೆ.

ನಾನು ಮಣಿಪಾಲದಲ್ಲಿ ಡಾಕ್ಟರ್, ಕೆಲಸ ಶುರುವಾಗಿ ಸ್ವಲ್ಪ ಸಮಯ ಆಯಿತು. ಲೋನ್ ಮಾಡಿ ಒಂದು ವಾಚ್ ತೆಗೆದಿಟ್ಟರೆ ಎಫ್‌ಡಿಗಿಂತ ಒಳ್ಳೆಯದು ಅಂತ ಫ್ರೆಂಡ್ಸ್ ಹೇಳುತ್ತಾರೆ. ನಿಜವಾ?

ಸಾಲ ಮಾಡಿ ವಾಚ್ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಫ್ರೆಂಡ್ಸ್ ಹೇಳುವ ಕಥೆಗಳು ಎಲ್ಲಿಂದ ಬಂದವು ಅಂತ ಗೊತ್ತುಂಟು. ಪಾಟೆಕ್ ಫಿಲಿಪ್ ಅನ್ನುವ ಸ್ವಿಸ್ ಕಂಪನಿಯವರು ನಾಟಿಲಸ್ 5711 ಅನ್ನುವ ಸ್ಟೀಲ್ ವಾಚನ್ನು 2021ರಲ್ಲಿ ನಿಲ್ಲಿಸುತ್ತೇವೆ ಅಂದರು. ಲಿಸ್ಟ್ ರೇಟು ಸುಮಾರು 35 ಸಾವಿರ ಡಾಲರ್ ಇದ್ದದ್ದು ಹೊರಗೆ ಲಕ್ಷ ಡಾಲರ್ ದಾಟಿತು. ಕೊನೆಗೆ ಅಮೆರಿಕದ ಟಿಫಾನಿ ಆಭರಣ ಅಂಗಡಿಗಾಗಿ ತಿಳಿನೀಲಿ ಡಯಲ್‌ನ 170 ಪೀಸ್ ಮಾಡಿದರು. ಅದರಲ್ಲಿ ಒಂದು ಅದೇ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 65 ಲಕ್ಷ ಡಾಲರಿಗೆ ಹೋಯಿತು. ಆ ಹೊತ್ತಿಗೆ ಶೇರು, ಕ್ರಿಪ್ಟೋ ಎಲ್ಲದರಲ್ಲೂ ದುಡ್ಡು ಹರಿಯುತ್ತಿತ್ತು, ಅದೇ ಹಣ ವಾಚ್‌ಗೂ ಬಂತು. 2022ರ ಮೊದಲ ತಿಂಗಳುಗಳಲ್ಲಿ ರೇಟು ತುದಿ ಮುಟ್ಟಿತು. ಆಮೇಲೆ ಇಳಿಯಲು ಶುರುವಾದದ್ದು ಮರುವರ್ಷವೂ ನಿಲ್ಲಲಿಲ್ಲ. ತುದಿಯಲ್ಲಿ ಪ್ರೀಮಿಯಂ ಕೊಟ್ಟು ಕೊಂಡವರ ಕಥೆಯನ್ನು ಯಾರೂ ಊಟದ ಮೇಜಿನಲ್ಲಿ ಹೇಳುವುದಿಲ್ಲ, ಗೆದ್ದವರದ್ದು ಮಾತ್ರ ನಮ್ಮ ಕಿವಿಗೆ ಬೀಳುತ್ತದೆ.

ಎಫ್‌ಡಿ ಬಡ್ಡಿ ಕೊಡುತ್ತದೆ. ವಾಚ್ ಕೆಲವು ವರ್ಷಕ್ಕೊಮ್ಮೆ ಸರ್ವಿಸ್ ಕೇಳುತ್ತದೆ, ಕಳ್ಳರ ಭಯ ಬೇರೆ. ನಿಮಗೆ ವಾಚ್ ಮೇಲೆ ನಿಜವಾಗಿ ಪ್ರೀತಿ ಇದ್ದರೆ ಕಾಯದೆ ಸಿಗುವ ಒಳ್ಳೆಯವು ಎಷ್ಟೋ ಇವೆ. ರೋಲೆಕ್ಸ್ ಶುರು ಮಾಡಿದ ವಿಲ್ಸ್‌ಡಾರ್ಫ್ ಅವರೇ ಹುಟ್ಟುಹಾಕಿದ ಟ್ಯೂಡರ್ ಇದೆ. 1969ರಲ್ಲಿ ಚಂದ್ರನ ಮೇಲೆ ಹೋದ ಒಮೆಗಾ ಸ್ಪೀಡ್‌ಮಾಸ್ಟರ್ ಇದೆ. ಜಪಾನಿನ ಗ್ರ್ಯಾಂಡ್ ಸೈಕೋ ಡಯಲ್‌ನ ಕೆಲಸ ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ಕೈಯಲ್ಲಿರುವ ಹಣಕ್ಕೆ ಬರುವುದನ್ನು ತೆಗೆದುಕೊಂಡು ದಿನಾ ಹಾಕಿ.

ಅಪ್ಪ ಕುವೈತ್‌ನಿಂದ 80ರ ದಶಕದಲ್ಲಿ ತಂದ ಡೇಟ್‌ಜಸ್ಟ್ ಮನೆಯಲ್ಲಿ ಉಂಟು, ಈಗ ನಿಂತಿದೆ. ಅದನ್ನು ಎಕ್ಸ್‌ಚೇಂಜ್ ಕೊಟ್ಟರೆ ಹೊಸ ವಾಚ್‌ನ ಲಿಸ್ಟಿನಲ್ಲಿ ಮೇಲೆ ಹಾಕಿಸುತ್ತೇನೆ ಅಂತ ಒಬ್ಬರು ಹೇಳುತ್ತಾರೆ. (ಓದುಗರು, ಕುಂದಾಪುರ)

ಕೊಡಬೇಡಿ. ಲಿಸ್ಟಿನಲ್ಲಿ ಮೇಲೆ ಹಾಕಿಸುವುದು ಅಂಗಡಿಯವರ ಕೈಯಲ್ಲಿದೆ, ನಡುವಿನವರ ಕೈಯಲ್ಲಿ ಅಲ್ಲ. ಹೊಸದು ಇವತ್ತಲ್ಲ ನಾಳೆ ಸಿಗುತ್ತದೆ, ಅಪ್ಪ ಕಟ್ಟಿಕೊಂಡದ್ದು ಇನ್ನೊಂದು ಸಿಗುವುದಿಲ್ಲ. ಅದನ್ನು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಕೊಡಿ. ಕೊಡುವಾಗ ಕೇಸಿಗೆ ಪಾಲಿಶ್ ಬೇಡ, ಡಯಲ್, ಮುಳ್ಳು ಬದಲಿಸುವುದು ಬೇಡ ಅಂತ ರಸೀದಿಯ ಮೇಲೆಯೇ ಬರೆಸಿ. ಹಳೆ ವಾಚ್‌ಗೆ ಬೆಲೆ ಇರುವುದು ಮೊದಲಿನ ಡಯಲ್, ಮೊದಲಿನ ಅಂಚುಗಳು ಹಾಗೇ ಉಳಿದಿದ್ದರೆ. ಯಾವುದಾದರೂ ಭಾಗ ಹಾಕಲೇಬೇಕು ಅಂದರೆ ಮೊದಲು ಎಸ್ಟಿಮೇಟ್ ಕೇಳಿ, ನೀವು ಒಪ್ಪಿದ ಮೇಲೆ ಕೆಲಸ ಶುರು ಮಾಡಲಿ. ಬಿಚ್ಚಿದ ಹಳೆ ಭಾಗ ವಾಪಸ್ ಕೊಡುತ್ತಾರಾ ಅನ್ನುವುದನ್ನೂ ಆಗಲೇ ಕೇಳಿ ಇಟ್ಟುಕೊಳ್ಳಿ.