ಬಳ್ಳಾರಿ ಸೀಮೆಯಲ್ಲಿ ಹೆಸರು ಕೇಳಿಬರುವ ಗವರ್ನರ್ ಮನ್ರೋ ಯಾರು? ನಮ್ಮ ಜಮೀನಿಗೂ ಅವರಿಗೂ ಏನು ಸಂಬಂಧ?

ಸರ್ ಥಾಮಸ್ ಮನ್ರೋ 1820ರಿಂದ 1827ರವರೆಗೆ ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿದ್ದವರು. 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿ, 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ ಮದ್ರಾಸಿಗೆ ಬಂದರು. ಬಾರಾಮಹಲ್ (ಇಂದಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ ಸೀಮೆ), ಕೆನರಾ (ಕರಾವಳಿ ಕನ್ನಡ ಜಿಲ್ಲೆಗಳು) ಎಂಬಲ್ಲಿ ಕಂದಾಯದ ಕೆಲಸ ಕಲಿತರು.

ನಮಗೆ ಮುಖ್ಯವಾದದ್ದು 1800ರಿಂದ 1807ರ ಅವಧಿ. ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ (ರಾಯಚೂರು, ಕೊಪ್ಪಳ ಅವರಲ್ಲೇ ಉಳಿದವು) ಮನ್ರೋ ಇಲ್ಲಿಯ ಪ್ರಧಾನ ಕಲೆಕ್ಟರ್ ಆದರು. ಡೇರೆ ಹಾಕಿಕೊಂಡು ಊರೂರು ಸುತ್ತಿ ಹೊಲಗಳನ್ನು ಅಳೆಸಿದರು. ಅಳತೆಗೆ ಬಳಸಿದ್ದು 33 ಅಡಿಯ ಸರಪಳಿ. ಉದ್ದಗಲ ಎರಡೂ ಒಂದೊಂದು ಸರಪಳಿ ಇರುವ 40 ಚೌಕ ಸೇರಿದರೆ ಒಂದು ಎಕರೆ. ನಿಮ್ಮ ಪಹಣಿ ತೆಗೆದು ನೋಡಿ, ಅದರಲ್ಲಿರುವ ಗುಂಟೆಯೂ ಇಂಥ ಒಂದು ಚೌಕದ ಅಳತೆಯೇ! ಜಮೀನ್ದಾರರನ್ನು ನಡುವೆ ಬಿಡದೆ ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿ ಅವರ ಹೆಸರಿನೊಂದಿಗೇ ಬೆಸೆದುಕೊಂಡಿದೆ.

ಆದರೆ ಅವರನ್ನು ಬರೀ ಹೊಗಳುವುದು ಸರಿಯಲ್ಲ. ಅವರು ನಿಗದಿ ಮಾಡಿದ ಕಂದಾಯ ಈ ಬರದ ನೆಲಕ್ಕೆ ಭಾರವಾಗಿತ್ತು. ಶೇ. 25ರಷ್ಟು ಇಳಿಸಬೇಕೆಂದು 1807ರಲ್ಲಿ ಅವರೇ ಶಿಫಾರಸು ಮಾಡಿದರೂ, ಅದು ಜಾರಿಯಾದದ್ದು ಅವರು ಗವರ್ನರ್ ಆದ ಮೇಲೆ. ಅಷ್ಟು ವರ್ಷ ರೈತರು ಅದನ್ನು ಹೊತ್ತರು.

ರಾಯಚೂರು ಕಡೆಯ ಭಕ್ತರು ಮಂತ್ರಾಲಯದ ರಾಯರು ಮನ್ರೋಗೆ ದರ್ಶನ ಕೊಟ್ಟ ಕಥೆಯನ್ನು ಇಂದಿಗೂ ಹೇಳುತ್ತಾರೆ. 1827ರ ಜುಲೈ 6ರಂದು, ಇದೇ ಸೀಮೆಯ ಪ್ರವಾಸದಲ್ಲಿದ್ದಾಗ, ಮನ್ರೋ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು.